ಲಿಂಕನ್ ಸರಿ, ನಮ್ಮ ಮುಮ್ಮಡಿಯವರ ಕಥೆ ಏನು?

ಲಿಂಕ್ಡ್‌ಇನ್ ತೆರೆದು ಐದು ನಿಮಿಷ ಸ್ಕ್ರೋಲ್ ಮಾಡಿ ನೋಡಿ. ‘ನಾಯಕತ್ವದ ಏಳು ಪಾಠಗಳು’ ಅಂತ ಯಾರಾದರೂ ಬರೆದಿರುತ್ತಾರೆ. ಅದರಲ್ಲಿ ಒಂದು ಪಾಠವಾದರೂ ಅಬ್ರಹಾಂ ಲಿಂಕನ್ ಹೆಸರಲ್ಲಿರುತ್ತದೆ. ನಮ್ಮ ಆಫೀಸುಗಳಲ್ಲಿ ಟೀಮ್ ಲೀಡ್ ಆದವರಿಗೆ ಕೊಡಿಸುವ ತರಬೇತಿಯಲ್ಲೂ ಅಷ್ಟೇ. ದೇಶ ಎರಡು ಹೋಳಾಗಿ ಅಣ್ಣತಮ್ಮಂದಿರೇ ಬಂದೂಕು ಹಿಡಿದು ನಿಂತಾಗ ಅಧ್ಯಕ್ಷನಾಗಿದ್ದವನು ಹೇಗೆ ನಡೆದುಕೊಂಡ ಅನ್ನೋದು ಜಗತ್ತಿಗೆಲ್ಲ ಪಾಠ.

ಪಾಠ ಒಳ್ಳೆಯದೇ. ಆದರೆ ನಮ್ಮ ನಾಡಿನಲ್ಲೂ ಒಮ್ಮೆ ಒಳಯುದ್ಧ ಆಗಿತ್ತು, ಆಗಲೂ ಸಿಂಹಾಸನದ ಮೇಲೆ ಒಬ್ಬರು ಕುಳಿತಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ನೊಣವಿನಕೆರೆಯಿಂದ ತಿಪಟೂರಿಗೆ ಬಂದು ಶಿವಮೊಗ್ಗದ ಹೆದ್ದಾರಿ ಹಿಡಿದರೆ ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಸಾಲಾಗಿ ಸಿಗುತ್ತವೆ. ಆ ಯುದ್ಧದ ಒಂದು ಕಣ ತರೀಕೆರೆ. ಇನ್ನೂ ಮುಂದೆ ಹೋದರೆ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ‘ನಗರದ ದಂಗೆ’ ಅಂತ ಹೆಸರು. ಶಾಲೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ. 1830ರಲ್ಲಿ ಶುರುವಾಗಿ, 1831ರ ಮಳೆಗಾಲ ಕಳೆಯುವಷ್ಟರಲ್ಲಿ ಮೈಸೂರು ರಾಜ್ಯದ ಆಡಳಿತವನ್ನೇ ನುಂಗಿಬಿಟ್ಟ ಯುದ್ಧ ಅದು. ಆಗ ಆಳುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು.

ಲಿಂಕನ್ ಗೆದ್ದವನು, ಮುಮ್ಮಡಿಯವರು ಸೋತವರು ಅಂತ ಒಂದು ಸಾಲಲ್ಲಿ ಮುಗಿಸಬಹುದು. ನಿಧಾನವಾಗಿ ನೋಡಿದರೆ ಲೆಕ್ಕ ಅಷ್ಟು ಸಲೀಸಾಗಿಲ್ಲ.

ಶ್ವೇತಭವನದ ಬಾಗಿಲು

ಮೊದಲು ಲಿಂಕನ್ ಕಥೆ ಚುಟುಕಾಗಿ. 1860ರ ನವೆಂಬರ್‌ನಲ್ಲಿ ಆತ ಚುನಾವಣೆ ಗೆದ್ದ. 1861ರ ಮಾರ್ಚ್ 4ರಂದು ಪ್ರಮಾಣವಚನ ತೆಗೆದುಕೊಳ್ಳುವ ಹೊತ್ತಿಗೆ ದಕ್ಷಿಣದ ಏಳು ರಾಜ್ಯಗಳು ‘ನಿಮ್ಮ ಸಹವಾಸ ಸಾಕು’ ಅಂತ ಹೊರನಡೆದಾಗಿತ್ತು. ಏಪ್ರಿಲ್ 12ಕ್ಕೆ ಗುಂಡು ಹಾರಿತು. ನಾಲ್ಕು ವರ್ಷದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಜಗಳದ ಬೇರಿನಲ್ಲಿದ್ದದ್ದು ಗುಲಾಮಗಿರಿ. ಸುಮಾರು 40 ಲಕ್ಷ ಮನುಷ್ಯರು ಇನ್ನೊಬ್ಬರ ಆಸ್ತಿಯಾಗಿ ಬದುಕುತ್ತಿದ್ದ ದೇಶ ಅದು.

ಲಿಂಕನ್‌ನ ಭಾಷಣಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಹಿಡಿಸೋದು ಆತನ ಬಾಗಿಲು. ಯುದ್ಧದ ಮಧ್ಯೆಯೂ ವಾರದಲ್ಲಿ ಎರಡು ದಿನ ಜನಸಾಮಾನ್ಯರು ಶ್ವೇತಭವನಕ್ಕೆ ಬಂದು ಅಧ್ಯಕ್ಷನ ಮುಂದೆ ನಿಲ್ಲಬಹುದಿತ್ತು. ಕೆಲಸ ಕೇಳುವವರು, ಮಗನಿಗೆ ಮರಣದಂಡನೆ ಆಗಿದೆ ಕಾಪಾಡಿ ಅಂತ ಅಳುವ ತಾಯಂದಿರು, ಸುಮ್ಮನೆ ತಲೆ ತಿನ್ನುವವರು, ಎಲ್ಲರೂ. ಸಿಬ್ಬಂದಿಗೆ ಇದು ಟೈಮ್ ವೇಸ್ಟ್ ಅನ್ನಿಸುತ್ತಿತ್ತು. ಆತ ಮಾತ್ರ ಅದನ್ನು ಜನಾಭಿಪ್ರಾಯದ ಸ್ನಾನ ಅಂತ ಕರೆಯುತ್ತಿದ್ದ. ಅಧಿಕಾರದ ಕೋಣೆಯಲ್ಲಿ ಕೂತವನಿಗೆ ಹೊರಗಿನ ಗಾಳಿ ಮರೆತುಹೋಗುತ್ತದೆ, ಆಗಾಗ ಮೈ ತೊಳೆದುಕೊಳ್ಳಬೇಕು ಅನ್ನುವುದು ಅದರ ಭಾವ.

1863ರ ಆಗಸ್ಟ್‌ನಲ್ಲಿ ಆ ಬಾಗಿಲು ದಾಟಿ ಒಳಗೆ ಹೋದವರಲ್ಲಿ ಫ್ರೆಡರಿಕ್ ಡಗ್ಲಸ್ ಒಬ್ಬರು. ಹುಟ್ಟಿನಿಂದ ಗುಲಾಮ, ತಪ್ಪಿಸಿಕೊಂಡು ಬಂದು ದೊಡ್ಡ ಹೋರಾಟಗಾರನಾದವರು. ಅವರ ದೂರು ನೇರವಾಗಿತ್ತು: ಕಪ್ಪು ಸೈನಿಕರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಯಾಕೆ? ಲಿಂಕನ್ ಆ ದಿನವೇ ಸರಿಮಾಡಲಿಲ್ಲ. ಆದರೆ ಕೇಳಿಸಿಕೊಂಡ. 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಸಮಾನ ಸಂಬಳದ ಕಾನೂನು ಮಾಡಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಆ ಸೇನೆಯಲ್ಲಿ ದುಡಿದಿದ್ದರು.

ಹಾಗಂತ ಲಿಂಕನ್‌ನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1862ರಲ್ಲಿ ಮಿನೆಸೋಟದ ಡಕೋಟ ಮೂಲನಿವಾಸಿಗಳಿಗೆ ಒಪ್ಪಂದದಂತೆ ಸೇರಬೇಕಾದ ಹಣ ಬರಲಿಲ್ಲ, ಅನ್ನ ಸಿಗಲಿಲ್ಲ, ನಡುವಿನ ಏಜೆಂಟರು ತಿಂದು ತೇಗಿದರು. ಅವರು ದಂಗೆ ಎದ್ದರು. ಸೈನಿಕ ನ್ಯಾಯಾಲಯ 303 ಜನಕ್ಕೆ ಗಲ್ಲು ಬರೆಯಿತು. ಲಿಂಕನ್ ಒಂದೊಂದೇ ಕಡತ ತರಿಸಿಕೊಂಡು ನೋಡಿ ಹೆಚ್ಚಿನವರನ್ನು ಉಳಿಸಿದ. ಆದರೂ ಡಿಸೆಂಬರ್ 26ರಂದು 38 ಜನರನ್ನು ಒಂದೇ ದಿನ ನೇಣಿಗೇರಿಸಲಾಯಿತು. ದೂರು ಇದ್ದಾಗ ಕೇಳುವವರಿರಲಿಲ್ಲ. ದಂಗೆಯಾದ ಮೇಲೆ ಕಡತ ಮೇಜಿಗೆ ಬಂತು.

ಇದನ್ನು ನೆನಪಿಟ್ಟುಕೊಳ್ಳಿ. ಇದೇ ಮಾತು ಇನ್ನೊಂದು ರೂಪದಲ್ಲಿ ಮೂವತ್ತು ವರ್ಷ ಮುಂಚೆ ನಮ್ಮಲ್ಲಿ ನಡೆದಿತ್ತು.

‘ಶರ್ತು’ ಎಂಬ ಟಾರ್ಗೆಟ್

ಟಿಪ್ಪು ಸುಲ್ತಾನ್ 1799ರ ಮೇ 4ರಂದು ಬಿದ್ದ. ಜೂನ್ ಕೊನೆಗೆ ಬ್ರಿಟಿಷರು ಐದು ವರ್ಷದ ಹುಡುಗನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿದರು. ಅವರೇ ಮುಮ್ಮಡಿಯವರು. ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಟ್ಟಬೇಕು. ಕಟ್ಟದಿದ್ದರೆ, ಕಟ್ಟಲಾರದ ಸ್ಥಿತಿ ಬಂದರೆ, ರಾಜ್ಯವನ್ನು ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದು ಅಂತ ಒಪ್ಪಂದದಲ್ಲಿ ಬರೆದಿತ್ತು. ಲಿಂಕನ್‌ಗೆ ಮತ ಹಾಕಿದವರಿದ್ದರು. ಮುಮ್ಮಡಿಯವರಿಗೆ ಇದ್ದದ್ದು ತಲೆಯ ಮೇಲೆ ತೂಗುವ ಒಂದು ಷರತ್ತು. ಇಬ್ಬರನ್ನು ಹೋಲಿಸುವ ಮುಂಚೆ ಈ ವ್ಯತ್ಯಾಸ ಗೊತ್ತಿರಲಿ.

ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದಷ್ಟು ದಿನ ಖಜಾನೆ ತುಂಬಿತ್ತು. 1811ರಲ್ಲಿ ಅಧಿಕಾರ ಹದಿನಾರು ಹದಿನೇಳರ ಯುವರಾಜರ ಕೈಗೆ ಬಂತು. ಖರ್ಚು ಏರಿತು, ಸಾಲ ಬೆಳೆಯಿತು. 1825ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಹೀಗೇ ಹೋದರೆ ಕಂಪನಿ ನಡುವೆ ಬರಬೇಕಾಗುತ್ತದೆ ಅಂತ ಎಚ್ಚರಿಸಿ ಹೋದ.

ಆದರೆ ರೈತನ ಮೇಲೆ ಬಿದ್ದ ಹೊರೆ ಅರಮನೆಯ ಖರ್ಚಿಗಿಂತ ದೊಡ್ಡದು. ಅದರ ಹೆಸರು ಶರ್ತು. ಕೇಳಿದರೆ ನಿಮಗೆ ಪರಿಚಿತ ಅನ್ನಿಸುತ್ತದೆ.

ಅಮಲ್ದಾರ, ಅಂದರೆ ಆಗಿನ ತಾಲ್ಲೂಕಿನ ಅಧಿಕಾರಿ, ಸರ್ಕಾರಕ್ಕೆ ಹೀಗೆ ಬರೆದುಕೊಡಬೇಕಿತ್ತು: ಈ ವರ್ಷ ಇಷ್ಟು ಕಂದಾಯ ಎತ್ತಿಕೊಡ್ತೀನಿ. ಕಮ್ಮಿ ಬಿದ್ದರೆ ನನ್ನ ಕೈಯಿಂದ ತುಂಬ್ತೀನಿ. ಹೆಚ್ಚು ಬಂದರೆ ಹೆಚ್ಚಿನದ್ದೂ ಸರ್ಕಾರಕ್ಕೆ. ರೈತರಿಗೆ ಹಿಂಸೆ ಕೊಡಲ್ಲ, ಹೊಸ ತೆರಿಗೆ ಹಾಕಲ್ಲ ಅಂತಲೂ ಅದೇ ಕಾಗದದಲ್ಲಿ ಬರೆದಿರುತ್ತಿತ್ತು. ಮೊತ್ತ ಮಾತ್ರ ಸಾಮಾನ್ಯವಾಗಿ ಹೋದ ವರ್ಷಕ್ಕಿಂತ ಒಂದಿಷ್ಟು ಜಾಸ್ತಿ.

ವರ್ಷದ ಟಾರ್ಗೆಟ್, ಪ್ರತಿ ವರ್ಷ ಏರುವ ಸಂಖ್ಯೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ‘ನಮ್ಮ ಮೌಲ್ಯಗಳು’. ಸಂಖ್ಯೆ ಮುಟ್ಟದಿದ್ದರೆ ಕೇಳುತ್ತಾರೆ, ಮೌಲ್ಯ ಮುರಿದರೆ ಯಾರೂ ಕೇಳೋದಿಲ್ಲ. ಎರಡರಲ್ಲಿ ಅಮಲ್ದಾರ ಯಾವುದನ್ನು ಪಾಲಿಸಿರಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಚಿಲ್ಲರೆ ತೆರಿಗೆಗಳ ಕಥೆ ಇನ್ನೂ ವಿಚಿತ್ರ. ಮುಂದೆ ಕಬ್ಬನ್ ಕಾಲದಲ್ಲಿ ರದ್ದಾದ ಇಂಥ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಯಾವ ಕಾಲದಲ್ಲೋ ಪಾಳೆಗಾರನೊಬ್ಬನ ಕುದುರೆ ಕಳೆದುಹೋಗಿ, ಅದನ್ನು ಹುಡುಕಿಕೊಡಲಿಲ್ಲ ಅಂತ ಒಂದು ಊರಿನವರು ತಲೆಮಾರುಗಳ ನಂತರವೂ ತೆರಿಗೆ ಕಟ್ಟುತ್ತಿದ್ದರಂತೆ. ನಗರದ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದರೆ ಅದಕ್ಕೂ ತೆರಿಗೆ! ಕೋಡಿನಲ್ಲಿ ಯಾರೋ ಎಂದೋ ಬರೆದಿಟ್ಟ ಸಾಲನ್ನು ಯಾಕಿದೆ ಅಂತ ಗೊತ್ತಿಲ್ಲದೆ ಮುಟ್ಟೋಕೆ ಹೆದರ್ತೀವಲ್ಲ, ಹಾಗೆ. ಇವೆಲ್ಲ ಮುಮ್ಮಡಿಯವರು ಹಾಕಿದ್ದಲ್ಲ, ಹಳೆಯ ರಾಜರು, ಪಾಳೆಗಾರರು ಬಿಟ್ಟುಹೋದ ಕಸ. ಆದರೆ ಗುಡಿಸಲು ಯಾರೂ ಹೋಗಿರಲಿಲ್ಲ.

ಕಾಡಿಗೆ ಹೋದ ಕೂಟ

ನಗರ ಸೀಮೆಯ ಫೌಜುದಾರಿ ವರ್ಷಗಟ್ಟಲೆ ಒಂದೇ ಬಳಗದವರ ಕೈಯಲ್ಲಿತ್ತು. ಆ ಬಳಗಕ್ಕೆ ಅರಮನೆಯಲ್ಲೂ ತೂಕವಿತ್ತು. ಯಾರ ಮೇಲೆ ದೂರೋ ಅವರ ಕಡೆಯವರನ್ನು ದಾಟಿಯೇ ದೂರು ರಾಜರ ಕಿವಿಗೆ ಹೋಗಬೇಕು. ಮ್ಯಾನೇಜರ್ ಮೇಲಿನ ಕಂಪ್ಲೇಂಟು ಮ್ಯಾನೇಜರ್ ಇನ್‌ಬಾಕ್ಸಿಗೇ ಹೋದ ಹಾಗೆ.

1830ರಲ್ಲಿ ರೈತರು ಊರಿಂದೂರಿಗೆ ಓಲೆ ಕಳಿಸಿ ಒಟ್ಟು ಸೇರತೊಡಗಿದರು. ಆ ಸಭೆಗಳಿಗೆ ಅವರು ಇಟ್ಟ ಹೆಸರು ‘ಕೂಟ’. ಮೊದಮೊದಲು ಅದು ಯುದ್ಧವಾಗಿರಲಿಲ್ಲ. ಕಂದಾಯ ಕಟ್ಟಲ್ಲ, ನಮ್ಮ ಮಾತು ಕೇಳಿ, ಅಷ್ಟೇ. ನಂತರ ಸಿಟ್ಟಿಗೆ ಒಂದು ಮುಖ ಬೇಕಾಯಿತು. 1763ರಲ್ಲಿ ಹೈದರಾಲಿ ನುಂಗಿದ ಬಿದನೂರು ಸಂಸ್ಥಾನದ ವಾರಸುದಾರ ನಾನೇ ಅಂತ ಹೇಳಿಕೊಂಡು ಬೂದಿ ಬಸವಪ್ಪ ಬಂದ. ತರೀಕೆರೆಯ ಪಾಳೆಗಾರ ಮನೆತನದ ರಂಗಪ್ಪನಾಯಕ ಮೈಸೂರು ಬಿಟ್ಟು ಬಂದು ಕೋಟೆ ಸೇರಿಕೊಂಡ. ರೈತನ ದೂರು, ಹಳೆಯ ರಾಜಮನೆತನದ ಆಸೆ, ಪಾಳೆಗಾರನ ಹಗೆ ಎಲ್ಲ ಕಲೆಸಿಹೋದವು. ಆಮೇಲೆ ಯಾವುದು ಯಾವುದು ಅಂತ ಬೇರೆ ಮಾಡೋಕೆ ಆಗಲಿಲ್ಲ. ಒಳಯುದ್ಧಗಳ ಜಾಯಮಾನವೇ ಹಾಗೆ. ಶುರುವಾಗೋದು ಒಂದು ಕಾರಣಕ್ಕೆ, ಉರಿಯೋದು ಹತ್ತು ಕಾರಣಕ್ಕೆ.

ಆಗ ರಾಜರು ಏನು ಮಾಡಿದರು? ಅರಮನೆಯಲ್ಲೇ ಕೂರಲಿಲ್ಲ, ಅದನ್ನು ಹೇಳಲೇಬೇಕು. 1830ರ ಕೊನೆಯಲ್ಲಿ ಸ್ವತಃ ಹೊರಟು ಚನ್ನರಾಯಪಟ್ಟಣಕ್ಕೆ ಬಂದರು. ನಮ್ಮ ತಿಪಟೂರಿನಿಂದ ನುಗ್ಗೇಹಳ್ಳಿ ಮೇಲೆ ಹೋದರೆ ಸಿಗುವ ಅದೇ ಚನ್ನರಾಯಪಟ್ಟಣ. ಆದರೆ ಬಂದದ್ದು ಸೈನ್ಯದ ಜೊತೆ. ದಂಗೆಕೋರರು ಅಂತ ಹಿಡಿದವರಿಗೆ ಕಠಿಣ ಶಿಕ್ಷೆಗಳಾದವು, ಕೆಲವರಿಗೆ ಗಲ್ಲಾಯಿತು. ಭಯದಿಂದ ತಣ್ಣಗಾಗಬೇಕಿದ್ದ ಸೀಮೆ ಇನ್ನೂ ಕಾದಿತು.

ರಾಜರ ಸೈನ್ಯದ ಕೈಲಿ ಆಗಲಿಲ್ಲ. ಕಂಪನಿಯ ಪಡೆ ಬಂತು. 1831ರ ಮಧ್ಯದ ಹೊತ್ತಿಗೆ ನಗರ ಕಂಪನಿಯ ಕೈಸೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಪತ್ರ ಬರೆದ: ಆಡಳಿತ ನಮಗೆ ಒಪ್ಪಿಸಿ. ಅಕ್ಟೋಬರ್‌ನಲ್ಲಿ ಮುಮ್ಮಡಿಯವರು ಒಪ್ಪಿಸಿದರು. ಅವರಿಗಾಗ 37 ವರ್ಷ. ಸಿಂಹಾಸನ ಉಳಿಯಿತು, ರಾಜ್ಯ ಹೋಯಿತು. ಇನ್ನು ಮುಂದೆ ವರ್ಷಕ್ಕೆ ಒಂದು ಲಕ್ಷ ಪಗೋಡ ಮತ್ತು ಆದಾಯದಲ್ಲಿ ಐದನೇ ಒಂದು ಪಾಲು ಅವರ ಖರ್ಚಿಗೆ, ಅಷ್ಟೇ.

ಹೆಸರು ಉಳಿದದ್ದು ಯಾರದ್ದು?

ತುಮಕೂರು ಕಡೆಯವರು ಬೆಂಗಳೂರಿನಿಂದ ಊರಿಗೆ ಹೋಗುವಾಗ ಡಾಬಸ್‌ಪೇಟೆ ದಾಟಲೇಬೇಕು. ಫ್ಲೈಓವರ್ ಕೆಳಗೆ ಟ್ರಾಫಿಕ್ಕಿಗೆ ಬೈದುಕೊಳ್ಳುವ ನಮಗೆ ಆ ಹೆಸರು ಎಲ್ಲಿಂದ ಬಂತು ಅಂತ ಯೋಚಿಸೋಕೆ ಪುರುಸೊತ್ತೆಲ್ಲಿ? ಅದು 1831ರ ಯುದ್ಧದ ಫಲ. ಕಂಪನಿಯ ಆಡಳಿತ ಬಂದ ಮೇಲೆ ರಾಜ್ಯವನ್ನು ನಾಲ್ಕು ವಿಭಾಗ ಮಾಡಿ ಒಬ್ಬೊಬ್ಬ ಸೂಪರಿಂಟೆಂಡೆಂಟನ ಕೈಗೆ ಕೊಟ್ಟರು. ತುಮಕೂರಿನಲ್ಲಿ ಕುಳಿತು ಚಿತ್ರದುರ್ಗ ವಿಭಾಗ ನೋಡಿಕೊಂಡ ಅಧಿಕಾರಿಯೇ ಡಾಬ್ಸ್. ಅವನ ಮೇಲಧಿಕಾರಿ ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಕಬ್ಬನ್ ರಸ್ತೆ, ಕಬ್ಬನ್‌ಪೇಟೆ, ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಎಲ್ಲವೂ ಅವನ ನೆನಪು.

ಕಬ್ಬನ್ ಕೆಟ್ಟ ಆಡಳಿತಗಾರನಲ್ಲ. ಆ 769 ತೆರಿಗೆ ಕಿತ್ತುಹಾಕಿದ, ರಸ್ತೆ ಮಾಡಿಸಿದ, ಕಚೇರಿಗಳಲ್ಲಿ ಕನ್ನಡ, ಮರಾಠಿ ಉಳಿಸಿದ. ಜನಕ್ಕೆ ಒಂದಿಷ್ಟು ಉಸಿರಾಡುವ ಹಾಗಾಯಿತು. 1861ರ ಏಪ್ರಿಲ್ 23ರಂದು ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅಮೆರಿಕದಲ್ಲಿ ಯುದ್ಧ ಶುರುವಾಗಿ ಆಗ ಹನ್ನೊಂದೇ ದಿನ.

ಆದರೆ ಈ ವ್ಯವಸ್ಥೆಯಲ್ಲೂ ಮೂಲ ತೊಂದರೆ ಹಾಗೇ ಇತ್ತು. ಒಳ್ಳೆಯ ಅಧಿಕಾರಿ ಇದ್ದರೆ ನಿಮ್ಮ ಅದೃಷ್ಟ, ಕೆಟ್ಟವನು ಬಂದರೆ ನಿಮ್ಮ ಕರ್ಮ. ಕೂಟದವರು ಕೇಳಿದ್ದ ‘ನಮ್ಮ ಮಾತು ಎಲ್ಲಿ ಹೇಳಬೇಕು?’ ಎಂಬ ಪ್ರಶ್ನೆಗೆ ಕಬ್ಬನ್ ಕಾಲದಲ್ಲೂ ಉತ್ತರವಿರಲಿಲ್ಲ.

ಅಟ್ಟದ ಮೇಲಿನ 37 ವರ್ಷ

ಈಗ ಸೋತ ರಾಜರ ಕಡೆ ತಿರುಗೋಣ. 37ನೇ ವಯಸ್ಸಿಗೆ ಅಧಿಕಾರ ಹೋಯಿತು, ಇನ್ನೂ ಹೆಚ್ಚುಕಮ್ಮಿ 37 ವರ್ಷ ಬದುಕಿದರು. ಆ ವಯಸ್ಸಲ್ಲಿ ನಮ್ಮಲ್ಲಿ ಯಾರಿಗಾದರೂ ಸ್ಥಾನ ಕಿತ್ತುಕೊಂಡು ‘ಸಂಬಳ ಕೊಡ್ತೀವಿ, ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ’ ಅಂದರೆ ಏನು ಮಾಡುತ್ತಿದ್ದೆವು?

ಮುಮ್ಮಡಿಯವರು ಎರಡು ಕೆಲಸ ಮಾಡಿದರು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಕವಿಗಳನ್ನು, ಸಂಗೀತಗಾರರನ್ನು, ಚಿತ್ರಕಾರರನ್ನು ಸಾಕಿದರು. ‘ಶ್ರೀತತ್ತ್ವನಿಧಿ’ಯಂಥ ಚಿತ್ರಸಂಪುಟ ಅವರ ಆಸ್ಥಾನದಲ್ಲೇ ಆದದ್ದು. ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆಸಿದರು. ಚದುರಂಗದ ಹೊಸಹೊಸ ಆಟಗಳನ್ನು ಕಟ್ಟಿದರು. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು.

ಎರಡನೆಯದು ಬರೆಯುವ ಕೆಲಸ. ಪತ್ರದ ಮೇಲೆ ಪತ್ರ. 1831ರಲ್ಲಿ ನೀವು ಆಡಳಿತ ತೆಗೆದುಕೊಂಡದ್ದು ತಾತ್ಕಾಲಿಕ, ನಿಮ್ಮ ಪೊಗದಿ ನಾನು ನಿಲ್ಲಿಸಿರಲಿಲ್ಲ, ನನ್ನ ರಾಜ್ಯ ನನಗೆ ಕೊಡಿ. ಕಲ್ಕತ್ತಕ್ಕೆ, ಲಂಡನ್ನಿಗೆ, ಬಂದ ಪ್ರತಿ ಗವರ್ನರ್ ಜನರಲ್‌ಗೆ. ಬೆಂಟಿಂಕ್‌ನೇ 1834ರಲ್ಲಿ ಒಂದು ಭಾಗವನ್ನಾದರೂ ಹಿಂದಿರುಗಿಸೋಣ ಅಂತ ಸೂಚಿಸಿದ್ದ, ಲಂಡನ್ ಒಪ್ಪಲಿಲ್ಲ. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೆಳಗೆ ಹಾಕುವ ಹುಕುಂ ಬಂದಾಗ ರಾಜರೂ ಕಬ್ಬನ್ನೂ ಇಬ್ಬರೂ ವಿರೋಧಿಸಿದರು, ಹುಕುಂ ವಾಪಸ್ಸಾಯಿತು. ಅದು ಆಗದೇ ಹೋಗಿದ್ದರೆ ಮೈಸೂರು ಮದ್ರಾಸಿನ ಇನ್ನೊಂದು ಮೂಲೆಯಾಗಿರುತ್ತಿತ್ತು.

ಗಂಡು ಸಂತಾನ ಇಲ್ಲದ ಸಂಸ್ಥಾನಗಳನ್ನು ಬ್ರಿಟಿಷರು ಒಂದೊಂದಾಗಿ ನುಂಗುತ್ತಿದ್ದ ಕಾಲ ಅದು. ನಮ್ಮ ಕಿತ್ತೂರಿನಲ್ಲಿ 1824ರಲ್ಲೇ ದತ್ತು ಒಪ್ಪದೆ ಯುದ್ಧವಾಗಿತ್ತು. ಆಮೇಲೆ ಸಾತಾರಾ, ಝಾನ್ಸಿ, ನಾಗಪುರ. ಎಪ್ಪತ್ತು ದಾಟಿದ ಮುಮ್ಮಡಿಯವರಿಗೂ ಗಂಡು ಮಗು ಉಳಿದಿರಲಿಲ್ಲ. ಕಲ್ಕತ್ತೆಯ ಒಪ್ಪಿಗೆಗೆ ಕಾಯದೆ 1865ರ ಜೂನ್‌ನಲ್ಲಿ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಅಲ್ಲಿ ಅಮೆರಿಕದಲ್ಲಿ ಲಿಂಕನ್ ಗುಂಡೇಟಿಗೆ ಬಲಿಯಾಗಿ ಎರಡು ತಿಂಗಳಾಗಿತ್ತು. ಎರಡು ವರ್ಷ ಹಗ್ಗಜಗ್ಗಾಟ. 1867ರ ಏಪ್ರಿಲ್‌ನಲ್ಲಿ ಲಂಡನ್ ಒಪ್ಪಿತು: ಈ ಮಗು ದೊಡ್ಡವನಾದ ಮೇಲೆ ಮೈಸೂರನ್ನು ಹಿಂದಿರುಗಿಸುತ್ತೇವೆ. 1868ರ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಣುಮುಚ್ಚಿದರು. ತಮ್ಮ ಕೈಗೆ ರಾಜ್ಯ ಬರಲಿಲ್ಲ. ರಾಜ್ಯ ಬರುತ್ತದೆ ಅನ್ನೋದು ಖಾತ್ರಿಯಾಗಿತ್ತು.

ಈ ಕಥೆಯನ್ನೆಲ್ಲ ಊರಲ್ಲಿ ನಮ್ಮ ದೊಡ್ಡಪ್ಪನಿಗೆ ಹೇಳಿ, ‘ಇವರನ್ನ ಗೆದ್ದೋರು ಅನ್ನಬೇಕೋ ಸೋತೋರು ಅನ್ನಬೇಕೋ?’ ಅಂತ ಕೇಳಿದೆ. ತಹಸೀಲ್ದಾರರನ್ನು ಇವತ್ತಿಗೂ ಅಮಲ್ದಾರರು ಅನ್ನುವ ತಲೆಮಾರು ಅವರದು.

‘ಅಟ್ಟದ ಮೇಲೆ ಹಾಕಿದ ಕಾಯಿ ಹನ್ನೊಂದು ತಿಂಗಳು ಸುಮ್ನೆ ಬಿದ್ದಿರ್ತದೆ. ಒಳಗೆ ಗಿಟುಕಾಗ್ತಾ ಐತೋ ಕೊಳೀತಾ ಐತೋ ಹೊರಗಿಂದ ಹೆಂಗೆ ಹೇಳ್ತೀಯಪ್ಪಾ? ಸುಲಿದು ಒಡೆದವನಿಗೇ ಗೊತ್ತು.’

‘ಹಂಗಾದ್ರೆ ಒಡೆದೋರು ಯಾರು ದೊಡ್ಡಪ್ಪಾ?’

‘ಅದ್ನ ನೀನು ಓದ್ಕೊಂಡು ಬಂದು ನಂಗೆ ಹೇಳು. ಇಂಜಿನಿಯರ್ ಅಲ್ವಾ ನೀನು.’

144 ಜನ

ಒಡೆದವರು ಯಾರು ಅನ್ನೋದಕ್ಕೆ 1881ಕ್ಕೆ ಬರಬೇಕು. ಮಾರ್ಚ್ 25ರಂದು ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಬ್ರಿಟಿಷರು ಮೈಸೂರನ್ನು ಹಿಂದಿರುಗಿಸಿದರು. ಐವತ್ತು ವರ್ಷದ ನಂತರ. ಆ ಮಧ್ಯೆ 1876–78ರ ಭೀಕರ ಬರ ಬಂದು ರಾಜ್ಯ ಹಣ್ಣಾಗಿತ್ತು. ದಿವಾನರಾದವರು ಸಿ. ರಂಗಾಚಾರ್ಲು.

ರಂಗಾಚಾರ್ಲು ಅವರು ಆ ವರ್ಷವೇ ಒಂದು ಸಭೆ ಕರೆದರು. ತಾಲ್ಲೂಕುಗಳಿಂದ ಜಮೀನು ಇರುವ ರೈತರು, ಜಿಲ್ಲೆಗಳಿಂದ ವ್ಯಾಪಾರಿಗಳು ದಸರಾ ಹೊತ್ತಿಗೆ ಮೈಸೂರಿಗೆ ಬರಬೇಕು. ದಿವಾನರು ಅವರ ಮುಂದೆ ನಿಂತು ವರ್ಷದಲ್ಲಿ ಏನು ಮಾಡಿದೆವು, ಮುಂದೆ ಏನು ಮಾಡುತ್ತೇವೆ ಅಂತ ವರದಿ ಕೊಡಬೇಕು. ಬಂದವರು ತಮ್ಮ ಸೀಮೆಯ ಅಹವಾಲು ಹೇಳಬೇಕು. 1881ರ ಅಕ್ಟೋಬರ್ 7ರಂದು 144 ಜನ ಸೇರಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಅದನ್ನು ಪ್ರಜಾಪ್ರಭುತ್ವ ಅಂತ ಹೊಗಳಿ ಅಟ್ಟಕ್ಕೇರಿಸುವ ಹಾಗಿಲ್ಲ. ಮೊದಲು ಚುನಾವಣೆ ಇರಲಿಲ್ಲ, ಸರ್ಕಾರವೇ ಆರಿಸುತ್ತಿತ್ತು. ಬಡರೈತ, ಕೂಲಿಯವನು, ಹೆಂಗಸರು ಯಾರೂ ಒಳಗಿರಲಿಲ್ಲ. ಸಭೆಗೆ ಹೇಳುವ ಹಕ್ಕಿತ್ತು, ತೀರ್ಮಾನಿಸುವ ಹಕ್ಕಿರಲಿಲ್ಲ. ಚುನಾವಣೆ 1891ರಲ್ಲಿ ಬಂತು. 1923ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು, ಹೆಂಗಸರ ಮತಕ್ಕೆ ಇದ್ದ ಅಡ್ಡಿಯೂ ತೆಗೆಯಿತು.

ಆದರೂ 1830 ಮತ್ತು 1881 ಪಕ್ಕಪಕ್ಕ ಇಟ್ಟು ನೋಡಿ. ರೈತರು ಸೇರಿ ಅಹವಾಲು ಹೇಳಿದರೆ 1830ರಲ್ಲಿ ಅದರ ಹೆಸರು ದಂಗೆ. ಸೇರಿದವರ ಮೇಲೆ ಸೈನ್ಯ ಬಂತು. 1881ರಲ್ಲಿ ರೈತರು ಸೇರಿ ಅಹವಾಲು ಹೇಳಿದರೆ ಅದರ ಹೆಸರು ಸಭೆ. ಎದುರಿಗೆ ದಿವಾನರು ಕುಳಿತು ಕೇಳಿದರು. ಕಾಡಿನ ಅಂಚಿನಲ್ಲಿ ಸೇರಿದ್ದ ಕೂಟಕ್ಕೆ ಐವತ್ತು ವರ್ಷ ತಡವಾಗಿ ಒಂದು ಸೂರು ಸಿಕ್ಕಿತು ಅಂತ ನಾನು ಓದಿಕೊಳ್ಳುತ್ತೇನೆ. ಮುಮ್ಮಡಿಯವರು ಹಟ ಹಿಡಿದು ರಾಜ್ಯವನ್ನು ಉಳಿಸದಿದ್ದರೆ ಆ ಸೂರು ಎತ್ತಲು ಇಲ್ಲಿ ಜಾಗವೇ ಇರುತ್ತಿರಲಿಲ್ಲ. ಆದರೆ ಸೂರು ಎತ್ತಿದ್ದು ಅವರಲ್ಲ.

ಇಬ್ಬರ ಲೆಕ್ಕ

ಲಿಂಕನ್ ಕಡೆ ಇದರ ತಿರುವುಮುರುವು ನಡೆಯಿತು. ಯುದ್ಧ ಗೆದ್ದ, 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಯಿತು, ದೇಶ ಒಂದಾಗಿ ಉಳಿಯಿತು. ಆದರೆ ಅವನ ಜಾಗಕ್ಕೆ ಬಂದ ಆಂಡ್ರೂ ಜಾನ್ಸನ್‌ಗೆ ಬಿಡುಗಡೆಯಾದವರ ಹಕ್ಕುಗಳ ಮೇಲೆ ಮನಸ್ಸಿರಲಿಲ್ಲ. 1877ರ ಹೊತ್ತಿಗೆ ದಕ್ಷಿಣದಿಂದ ಕೇಂದ್ರದ ಸೈನ್ಯದ ಕಾವಲೂ ಹೋಯಿತು. ಮತದ ಹಕ್ಕು ಕಾಗದದಲ್ಲಿ ಉಳಿದು ನೆಲದಲ್ಲಿ ಕಳೆದುಹೋಯಿತು. ಅದನ್ನು ಮತ್ತೆ ಪಡೆಯಲು 1965ರವರೆಗೆ, ಅಂದರೆ ಇನ್ನೂ ಸುಮಾರು ತೊಂಬತ್ತು ವರ್ಷ ಹೋರಾಡಬೇಕಾಯಿತು. ವಾಷಿಂಗ್ಟನ್‌ನಲ್ಲಿ 1922ರಲ್ಲೇ ಲಿಂಕನ್‌ಗೆ ಅಮೃತಶಿಲೆಯ ಸ್ಮಾರಕ ಎದ್ದಿತ್ತು. ಅವನು ಬಿಡಿಸಿದವರ ಮೊಮ್ಮಕ್ಕಳಿಗೆ ದಕ್ಷಿಣದಲ್ಲಿ ಮತ ಹಾಕುವುದೇ ದುಸ್ತರವಾಗಿತ್ತು.

ಗೆದ್ದವನ ಕೆಲಸವನ್ನು ಹಿಂದೆ ಬಂದವರು ಅರ್ಧ ಕೆಡಿಸಿದರು. ಸೋತವರ ಕೆಲಸವನ್ನು ಹಿಂದೆ ಬಂದವರು ಮುಂದಕ್ಕೆ ಎಳೆದರು. ಪ್ರತಿಮೆ, ರಸ್ತೆಯ ಹೆಸರು ನೋಡಿದರೆ ಇದು ಗೊತ್ತಾಗೋದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಿಂದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನವನ. ಮುಮ್ಮಡಿಯವರು ಹಟದಿಂದ ದತ್ತು ತೆಗೆದುಕೊಂಡ ಆ ಮಗುವಿನ ಹೆಸರು ಅದು. ಆ ಹೆಸರು ಹೇಳಿ ಆಟೊ ಕರೆದು ನೋಡಿ, ಎಷ್ಟು ಜನ ಬರುತ್ತಾರೆ ಅಂತ.

ಮುಮ್ಮಡಿಯವರನ್ನು ಬರೀ ಕಲೆ-ಸಂಗೀತ ಪೋಷಿಸಿದ ಸಾಧು ರಾಜ ಅಂತ ಹೇಳಿದರೆ ನಗರದ ರೈತನಿಗೆ ಅನ್ಯಾಯ. ಚನ್ನರಾಯಪಟ್ಟಣದ ಗಲ್ಲುಗಳನ್ನು ಯಾವ ಚಿತ್ರಸಂಪುಟವೂ ಮುಚ್ಚುವುದಿಲ್ಲ. ರಾಜ್ಯ ಕಳೆದ ಅಸಮರ್ಥ ಅಂತ ಮುಗಿಸಿದರೆ ಆ 37 ವರ್ಷದ ತಾಳ್ಮೆಗೆ ಅನ್ಯಾಯ. ಎರಡೂ ಒಬ್ಬರೇ ಮನುಷ್ಯರು. ಅಧಿಕಾರ ಇದ್ದಾಗ ಕಿವಿ ಬೇರೆಯವರ ಕೈಗೆ ಕೊಟ್ಟರು. ಅಧಿಕಾರ ಹೋದ ಮೇಲೆ ‘ನನ್ನ ಮಾತು ಯಾರೂ ಕೇಳುತ್ತಿಲ್ಲ’ ಅನ್ನುವ ನೋವು ಏನು ಅಂತ ಬೇರೆ ಯಾರಿಗಿಂತ ಚೆನ್ನಾಗಿ ಅವರಿಗೇ ಗೊತ್ತಾಗಿರಬೇಕು. ಅಹವಾಲು ಬರೆದು ಉತ್ತರಕ್ಕೆ ಕಾಯುವ ಸಾಲಿನಲ್ಲಿ, ಹಿಂದೊಮ್ಮೆ ನಗರದ ರೈತ ನಿಂತಿದ್ದ ಜಾಗದಲ್ಲಿ, ಈಗ ಅವರೇ ನಿಂತಿದ್ದರು.

ನಮ್ಮಲ್ಲಿ ಹೆಚ್ಚಿನವರು ದೇಶ ಆಳೋದಿಲ್ಲ. ಆರು ಜನರ ಟೀಮು, ಒಂದು ಅಪಾರ್ಟ್‌ಮೆಂಟ್ ಸಂಘ, ಊರಲ್ಲಿ ಒಂದು ಸಹಕಾರ ಸಂಘ, ಅಷ್ಟರಲ್ಲಿ ನಮ್ಮ ನಾಯಕತ್ವ ಮುಗಿಯುತ್ತದೆ. ಅಲ್ಲೂ ಪ್ರಶ್ನೆ ಅದೇ. ನಿಮ್ಮ ಕೆಳಗಿನವರ ದೂರು ಯಾರನ್ನು ದಾಟಿ ನಿಮಗೆ ಬರುತ್ತದೆ? ಟಾರ್ಗೆಟ್ ಮುಟ್ಟಿದ ವರದಿ ಬಂದಾಗ ಅದು ಹೇಗೆ ಮುಟ್ಟಿತು ಅಂತ ಕೇಳಿದಿರಾ? ನೀವು ಎದ್ದುಹೋದ ಮೇಲೂ ದೂರು ಹೇಳುವ ಜಾಗ ಉಳಿಯುತ್ತದಾ, ಅಥವಾ ಅದು ನಿಮ್ಮ ಒಳ್ಳೆಯತನದ ಮೇಲೆ ನಿಂತಿದೆಯಾ?

ಕೊಬ್ಬರಿ ಬೆಲೆ ಬಿದ್ದಾಗ ನಮ್ಮ ಕಡೆಯ ರೈತರು ತಿಪಟೂರಿನ ಎಪಿಎಂಸಿ ಮುಂದೆ ಬಂದು ಕೂರುತ್ತಾರೆ. ಟ್ರಾಫಿಕ್ ಜಾಮ್ ಆಯ್ತು ಅಂತ ನಾವು ಗೊಣಗುತ್ತೇವೆ. ಮುಂದಿನ ಸಲ ಗೊಣಗುವ ಮುಂಚೆ ಒಂದು ನಿಮಿಷ ನಿಂತು ನೋಡಿ. ಅಲ್ಲಿ ನಡೆಯುತ್ತಿರೋದು ಒಂದು ಕೂಟ. ಅವರನ್ನು ಗಲ್ಲಿಗೇರಿಸಲು ಯಾರೂ ಚನ್ನರಾಯಪಟ್ಟಣಕ್ಕೆ ಬಂದಿಲ್ಲ, ಅವರು ಕಾಡು ಸೇರಬೇಕಾಗಿಲ್ಲ. ಅಷ್ಟು ದೂರ ಬರೋಕೆ ನಮಗೆ ಇನ್ನೂರು ವರ್ಷ ಹಿಡಿದಿದೆ. ಹೇಳಿದ್ದನ್ನು ಕೇಳಿಸಿಕೊಂಡು ಉತ್ತರ ಕೊಡುವ ಕೆಲಸ ಮಾತ್ರ ಪ್ರತಿ ವರ್ಷ ಹೊಸದಾಗಿ ಆಗಬೇಕು.